ಡಿಸ್ಲೆಕ್ಸಿಯಾ, ಎಸ್‌ಎಲ್‌ಡಿ, ಕಲಿಕಾ ನ್ಯೂನತೆ: ಮಗುವಿನ ವರದಿಯಲ್ಲಿರುವ ಪದಗಳನ್ನು ಓದಿಕೊಳ್ಳುವ ಬಗೆ

ಮಗುವಿನ ಮೌಲ್ಯಮಾಪನ ವರದಿಯನ್ನು ಕೈಯಲ್ಲಿ ಹಿಡಿದ ತಂದೆತಾಯಂದಿರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಶಾಲೆಯವರು ಡಿಸ್ಲೆಕ್ಸಿಯಾ ಇರಬಹುದು ಎಂದರು. ಆಸ್ಪತ್ರೆಯ ವರದಿಯಲ್ಲಿ ಆ ಪದವೇ ಇಲ್ಲ, ‘ಸ್ಪೆಸಿಫಿಕ್ ಲರ್ನಿಂಗ್ ಡಿಸಾರ್ಡರ್’ ಎಂದಿದೆ. ಸರ್ಕಾರ ಕೊಡುವ ನ್ಯೂನತೆಯ ಪ್ರಮಾಣಪತ್ರದ ಅರ್ಜಿಯಲ್ಲಿ ಅದೇ ‘ಡಿಸೆಬಿಲಿಟಿ’ ಆಗಿದೆ. ಕನ್ನಡದ ಸುತ್ತೋಲೆಯಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂದು ಬರೆದಿದ್ದಾರೆ. ಹಾಗಾದರೆ ನಮ್ಮ ಮಗುವಿಗೆ ಇರುವುದು ಎಷ್ಟು ತೊಂದರೆಗಳು?

ಬಹುಪಾಲು ಸಂದರ್ಭಗಳಲ್ಲಿ ಉತ್ತರ, ಒಂದೇ ಎಂಬುದು. ಒಂದೇ ಮಗುವಿನ ಒಂದೇ ತೊಂದರೆಗೆ ವೈದ್ಯರ ಪುಸ್ತಕ ಒಂದು ಹೆಸರನ್ನೂ ಕಾನೂನು ಇನ್ನೊಂದನ್ನೂ ಶಾಲೆ ಮತ್ತೊಂದನ್ನೂ ಬಳಸುತ್ತದೆ. ಆದರೆ ಎಲ್ಲ ಹೆಸರುಗಳೂ ಹೀಗೆ ಅದಲುಬದಲಾಗುವಂಥವಲ್ಲ. ಕೆಲವು ನಿಜವಾಗಿಯೂ ಬೇರೆ ಸ್ಥಿತಿಗಳನ್ನು ಸೂಚಿಸುತ್ತವೆ, ಅವನ್ನು ಬೆರೆಸಿಕೊಂಡರೆ ಮಗುವಿಗೆ ಸಿಗಬೇಕಾದ ಸೌಲಭ್ಯವೇ ಕೈತಪ್ಪಬಹುದು. ಯಾವ ಪದಗಳು ಒಂದೇ, ಯಾವುವು ಬೇರೆ ಎಂದು ನೀವೇ ವಿಂಗಡಿಸಿಕೊಳ್ಳುವ ಕ್ರಮವನ್ನು ಮುಂದೆ ಕೊಟ್ಟಿದೆ.

ಮೊದಲು ಜೋಡಿಸಿಕೊಳ್ಳಬೇಕಾದ ಕಾಗದಗಳು

ವರದಿಯ ಕೊನೆಯ ಪುಟವಷ್ಟೇ ಸಾಲದು, ಪರೀಕ್ಷೆಗಳ ಹೆಸರು ಮತ್ತು ಅಂಕಗಳಿರುವ ಪೂರ್ತಿ ವರದಿ ಬೇಕು. ಕಣ್ಣು ಮತ್ತು ಕಿವಿಯ ತಪಾಸಣೆಯ ಚೀಟಿಗಳು, ಕಳೆದ ಒಂದೆರಡು ವರ್ಷಗಳ ಅಂಕಪಟ್ಟಿಗಳು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಮಗು ತಾನೇ ಬರೆದ ನೋಟ್‌ಬುಕ್‌ಗಳು ಇರಲಿ. ಕಪ್ಪುಹಲಗೆಯಿಂದ ನಕಲು ಮಾಡಿದ ಪುಟಗಳಿಗಿಂತ ಉಕ್ತಲೇಖನದ ಪುಟಗಳು ಹೆಚ್ಚು ಉಪಯುಕ್ತ. ಮನೆಯಲ್ಲಿ ಯಾವ ಭಾಷೆ, ಶಾಲೆಯಲ್ಲಿ ಯಾವ ಮಾಧ್ಯಮ, ಶಾಲೆ ಬದಲಾಗಿದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲಿಗೆ ಹೋದರೂ ಇದನ್ನು ಕೇಳಿಯೇ ಕೇಳುತ್ತಾರೆ.

ಹಂತ 1: ಪದವನ್ನು ಬರೆದವರು ಯಾರು ಎಂದು ಗುರುತಿಸಿ

ವರದಿಯಲ್ಲಿರುವ ಪ್ರತಿಯೊಂದು ಹೆಸರಿನ ಪಕ್ಕದಲ್ಲಿ, ಅದು ಯಾರ ಮಾತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮಾನಸಿಕ ಆರೋಗ್ಯ ತಜ್ಞರು ರೋಗನಿರ್ಣಯದ ಎರಡು ಗ್ರಂಥಗಳ ಪೈಕಿ ಒಂದನ್ನು ಅನುಸರಿಸುತ್ತಾರೆ. ಮೊದಲನೆಯದು ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ಡಿಎಸ್‌ಎಂ. ಇದರ ಐದನೆಯ ಆವೃತ್ತಿ 2013ರಲ್ಲಿ ಬಂದಿತು, ಅಲ್ಲಿನ ಹೆಸರು ‘ಸ್ಪೆಸಿಫಿಕ್ ಲರ್ನಿಂಗ್ ಡಿಸಾರ್ಡರ್’. ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ಅದರ ಹತ್ತನೆಯ ಆವೃತ್ತಿಯಲ್ಲಿ ಇದಕ್ಕೆ ‘ಶಾಲಾ ಕೌಶಲಗಳ ನಿರ್ದಿಷ್ಟ ಬೆಳವಣಿಗೆಯ ತೊಂದರೆಗಳು’ ಎಂಬರ್ಥದ ಉದ್ದನೆಯ ಹೆಸರಿತ್ತು. 2022ರ ಜನವರಿಯಿಂದ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯಲ್ಲಿ ಅದು ‘ಡೆವಲಪ್‌ಮೆಂಟಲ್ ಲರ್ನಿಂಗ್ ಡಿಸಾರ್ಡರ್’ ಆಗಿದೆ. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಈ ಮೂರೂ ಹೆಸರುಗಳನ್ನು ನೀವು ಕಾಣಬಹುದು.

ಕಾನೂನಿನ ಹೆಸರು ಬೇರೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ‘ಸ್ಪೆಸಿಫಿಕ್ ಲರ್ನಿಂಗ್ ಡಿಸೆಬಿಲಿಟೀಸ್’ ಒಂದು. ಡಿಸಾರ್ಡರ್ ಎಂಬುದು ರೋಗನಿರ್ಣಯದ ಪದ, ಡಿಸೆಬಿಲಿಟಿ ಎಂಬುದು ಹಕ್ಕಿನ ಪದ. ಎರಡರ ಮೊದಲಕ್ಷರಗಳನ್ನು ಕೂಡಿಸಿದರೂ ಎಸ್‌ಎಲ್‌ಡಿ ಎಂದೇ ಆಗುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಶಾಲೆಯ ಕಡೆಯಿಂದ ಬರುವ ‘ಓದಿನಲ್ಲಿ ಹಿಂದುಳಿದಿದ್ದಾನೆ’, ‘ಎಲ್‌ಡಿ ಮಗು’, ‘ಕಲಿಕಾ ತೊಂದರೆ’ ಮುಂತಾದವು ಶಿಕ್ಷಕರು ಗಮನಿಸಿದ್ದನ್ನು ಹೇಳುವ ಮಾತುಗಳು. ಅವು ರೋಗನಿರ್ಣಯವೂ ಅಲ್ಲ, ಪ್ರಮಾಣಪತ್ರವೂ ಅಲ್ಲ. ಆದರೂ ಅವುಗಳನ್ನು ತಳ್ಳಿಹಾಕಬೇಡಿ, ಏಕೆಂದರೆ ತೊಂದರೆ ಮೊದಲು ಕಣ್ಣಿಗೆ ಬೀಳುವುದು ತರಗತಿಯಲ್ಲಿಯೇ.

ಹಂತ 2: ಒಟ್ಟು ಹೆಸರು ಯಾವುದು, ಬಿಡಿ ಹೆಸರು ಯಾವುದು ಎಂದು ಬೇರ್ಪಡಿಸಿ

ಎಸ್‌ಎಲ್‌ಡಿ ಎಂಬುದು ಒಟ್ಟು ಹೆಸರು. ಅದರೊಳಗಿನ ಬಿಡಿ ಹೆಸರುಗಳಲ್ಲಿ ಮುಖ್ಯವಾದವು ಮೂರು. ಪದಗಳನ್ನು ನಿಖರವಾಗಿ ಅಥವಾ ಸರಾಗವಾಗಿ ಓದಲು ಆಗದಿರುವುದು ಮತ್ತು ಅದರ ಜೊತೆಗೇ ಬರುವ ಕಾಗುಣಿತದ ತೊಂದರೆ ಡಿಸ್ಲೆಕ್ಸಿಯಾ. ಸಂಖ್ಯೆಗಳ ಅಂದಾಜು, ಮಗ್ಗಿ, ಲೆಕ್ಕ ಮಾಡುವ ಕ್ರಮ ಇವುಗಳಲ್ಲಿನ ತೊಂದರೆ ಡಿಸ್‌ಕ್ಯಾಲ್ಕ್ಯುಲಿಯಾ. ಬರವಣಿಗೆಯ ತೊಂದರೆ ಡಿಸ್‌ಗ್ರಾಫಿಯಾ.

ಮೂರನೆಯದರ ವಿಷಯದಲ್ಲಿ ಎಚ್ಚರ ಬೇಕು. ಕೆಲವರು ಡಿಸ್‌ಗ್ರಾಫಿಯಾ ಎಂಬ ಪದವನ್ನು ಕೈಬರಹ ಕೆಟ್ಟಿರುವುದಕ್ಕೆ, ಅಂದರೆ ಬೆರಳುಗಳ ಹಿಡಿತ ಮತ್ತು ವೇಗದ ತೊಂದರೆಗೆ ಬಳಸುತ್ತಾರೆ. ಇನ್ನು ಕೆಲವರು ವಾಕ್ಯರಚನೆ ಮತ್ತು ವಿಚಾರಗಳ ಜೋಡಣೆಯ ತೊಂದರೆಗೆ ಬಳಸುತ್ತಾರೆ. ಮೊದಲನೆಯದಕ್ಕೆ ಆಕ್ಯುಪೇಷನಲ್ ಥೆರಪಿಸ್ಟ್ ಬೇಕಾಗಬಹುದು, ಎರಡನೆಯದಕ್ಕೆ ವಿಶೇಷ ಶಿಕ್ಷಕರು ಬೇಕು. ವರದಿಯಲ್ಲಿ ಬರೀ ‘ಡಿಸ್‌ಗ್ರಾಫಿಯಾ’ ಎಂದಷ್ಟೇ ಇದ್ದರೆ, ಬರೆದವರನ್ನೇ ಕೇಳಿ ಯಾವ ಅರ್ಥದಲ್ಲಿ ಬಳಸಿದ್ದಾರೆಂದು ಸ್ಪಷ್ಟಪಡಿಸಿಕೊಳ್ಳಿ.

ಈಗ ವರದಿಯ ಒಂದು ಸಾಲನ್ನು ಓದಿ ನೋಡೋಣ: ‘ಸ್ಪೆಸಿಫಿಕ್ ಲರ್ನಿಂಗ್ ಡಿಸಾರ್ಡರ್ ವಿತ್ ಇಂಪೇರ್‌ಮೆಂಟ್ ಇನ್ ರೀಡಿಂಗ್, ಮಾಡರೇಟ್, ಎಫ್ 81.0.’ ಮೊದಲ ಭಾಗ ಒಟ್ಟು ಹೆಸರು. ‘ಇಂಪೇರ್‌ಮೆಂಟ್ ಇನ್ ರೀಡಿಂಗ್’ ಎಂಬುದು ಬಿಡಿ ಹೆಸರು, ಆಡುಮಾತಿನಲ್ಲಿ ಡಿಸ್ಲೆಕ್ಸಿಯಾ ಎನ್ನುವುದು ಬಹುಮಟ್ಟಿಗೆ ಇದನ್ನೇ. ‘ಮಾಡರೇಟ್’ ಎಂದರೆ ಮಧ್ಯಮ ತೀವ್ರತೆ. ಮೈಲ್ಡ್, ಮಾಡರೇಟ್, ಸಿವಿಯರ್ ಎಂಬ ಮೂರು ಮಟ್ಟಗಳಿವೆ. ಕೊನೆಯ ಸಂಕೇತ ಐಸಿಡಿಯ ಹತ್ತನೆಯ ಆವೃತ್ತಿಯಿಂದ ಬಂದದ್ದು. ಅದರಲ್ಲಿ ಓದಿಗೆ 81.0, ಕಾಗುಣಿತಕ್ಕೆ 81.1, ಲೆಕ್ಕಕ್ಕೆ 81.2, ಮಿಶ್ರ ತೊಂದರೆಗೆ 81.3. ಸಂಕೇತವು ‘6ಎ03’ ಎಂದು ಆರಂಭವಾದರೆ ಅದು ಹನ್ನೊಂದನೆಯ ಆವೃತ್ತಿಯದು, ಅದರಲ್ಲಿಯೂ ಬಿಂದುವಿನ ನಂತರದ 0 ಓದನ್ನು, 1 ಬರವಣಿಗೆಯನ್ನು, 2 ಗಣಿತವನ್ನು ಸೂಚಿಸುತ್ತದೆ. ಹೆಸರು ಅರ್ಥವಾಗದಿದ್ದರೆ ಸಂಕೇತವನ್ನು ನೋಡುವುದೇ ಸುಲಭದ ದಾರಿ.

‘ಡಿಸ್ಲೆಕ್ಸಿಯಾ ಎಂದು ಬರೆದಿಲ್ಲ, ಆದ್ದರಿಂದ ಡಿಸ್ಲೆಕ್ಸಿಯಾ ಇಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವುದು ತಪ್ಪು ಲೆಕ್ಕ. ಡಿಎಸ್‌ಎಂ ಸ್ವತಃ ಡಿಸ್ಲೆಕ್ಸಿಯಾವನ್ನು ಪರ್ಯಾಯ ಪದವೆಂದು ಒಪ್ಪಿಕೊಂಡಿದೆ. ಹಾಗೆಯೇ ಆರು ತಿಂಗಳಾದರೂ, ಸೂಕ್ತ ನೆರವು ಕೊಟ್ಟ ಮೇಲೂ ತೊಂದರೆ ಮುಂದುವರಿದಿರಬೇಕು ಎಂಬ ಷರತ್ತನ್ನೂ ಅದು ಹಾಕಿದೆ. ಒಂದೇ ಭೇಟಿಯಲ್ಲಿ, ಮಗು ಯಾವ ಪಾಠದ ನೆರವನ್ನೂ ಪಡೆಯದಿರುವಾಗಲೇ ಈ ಹೆಸರನ್ನು ಅಂಟಿಸಿದ್ದರೆ ಎರಡನೆಯ ಅಭಿಪ್ರಾಯ ಪಡೆಯುವುದು ಒಳ್ಳೆಯದು.

ಹಂತ 3: ಬುದ್ಧಿಮತ್ತೆಯ ಪದಗಳನ್ನು ಪ್ರತ್ಯೇಕಿಸಿ

ಅತಿ ಹೆಚ್ಚು ಹಾನಿ ಮಾಡುವ ಗೊಂದಲ ಇರುವುದು ಇಲ್ಲಿ. ಕನ್ನಡದಲ್ಲಿ ನಾವು ‘ಕಲಿಕಾ ನ್ಯೂನತೆ’, ‘ಕಲಿಕಾ ಅಸಾಮರ್ಥ್ಯ’, ‘ನಿಧಾನ ಕಲಿಕೆ’, ‘ಬುದ್ಧಿಮಾಂದ್ಯತೆ’ ಎಂಬ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಸಲೀಸಾಗಿ ಬಳಸಿಬಿಡುತ್ತೇವೆ. ಮೊದಲೆರಡು ಎಸ್‌ಎಲ್‌ಡಿಗೆ ಸಂಬಂಧಿಸಿದವು, ಉಳಿದೆರಡು ಅಲ್ಲ.

ಬೌದ್ಧಿಕ ಅಸಾಮರ್ಥ್ಯ ಎಂದರೆ, ಬುದ್ಧಿಸೂಚ್ಯಂಕ (ಐಕ್ಯೂ) ಸುಮಾರು 70ಕ್ಕಿಂತ ಕಡಿಮೆಯಿದ್ದು, ಉಡುವುದು, ಉಣ್ಣುವುದು, ಹಣದ ವ್ಯವಹಾರ ಮುಂತಾದ ದಿನನಿತ್ಯದ ನಿರ್ವಹಣೆಯಲ್ಲಿಯೂ ತೊಂದರೆ ಇರುವ ಸ್ಥಿತಿ. ಹಿಂದೆ ಬುದ್ಧಿಮಾಂದ್ಯತೆ ಎನ್ನುತ್ತಿದ್ದುದು ಇದನ್ನೇ. ಎಸ್‌ಎಲ್‌ಡಿ ಇರುವ ಮಗುವಿನ ಬುದ್ಧಿಮತ್ತೆ ಸಾಮಾನ್ಯವಾಗಿಯೇ ಇರುತ್ತದೆ, ತೊಂದರೆ ಓದು, ಬರಹ ಅಥವಾ ಲೆಕ್ಕಕ್ಕೆ ಸೀಮಿತವಾಗಿರುತ್ತದೆ. ಇವೆರಡರ ನಡುವೆ, ಸೂಚ್ಯಂಕ ಸುಮಾರು 71ರಿಂದ 84ರವರೆಗೆ ಇರುವ ಮಕ್ಕಳನ್ನು ವರದಿಗಳು ‘ಬಾರ್ಡರ್‌ಲೈನ್’ ಎನ್ನುತ್ತವೆ, ಶಾಲೆಗಳು ‘ಸ್ಲೋ ಲರ್ನರ್’ ಎನ್ನುತ್ತವೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಎಸ್‌ಎಲ್‌ಡಿ ಪರೀಕ್ಷೆಗೆ ಮುನ್ನ ಸೂಚ್ಯಂಕ 85ಕ್ಕಿಂತ ಹೆಚ್ಚಿರಬೇಕೆಂದು ಹೇಳಿದ್ದರಿಂದ, ಈ ನಡುವಿನ ಮಕ್ಕಳು ಅತ್ತ ಬೌದ್ಧಿಕ ಅಸಾಮರ್ಥ್ಯದ ಪಟ್ಟಿಗೂ ಇತ್ತ ಎಸ್‌ಎಲ್‌ಡಿ ಪಟ್ಟಿಗೂ ಸೇರದೆ ಉಳಿಯುವಂತಾಯಿತು. ಇದು ವ್ಯವಸ್ಥೆಯ ದೊಡ್ಡ ಲೋಪವೆಂದೇ ನಾನು ಭಾವಿಸುತ್ತೇನೆ.

ಆದ್ದರಿಂದ ಸೂಚ್ಯಂಕದ ಅಂಕಿಯೊಂದನ್ನೇ ನೋಡಬೇಡಿ. ವರದಿಯಲ್ಲಿ ಮಾತಿನ ಭಾಗ ಮತ್ತು ಮಾತಿಲ್ಲದ ಭಾಗದ ಅಂಕಗಳು ಬೇರೆಬೇರೆಯಾಗಿ ಇರುತ್ತವೆ. ಪದಸಂಪತ್ತು, ಸಾಮಾನ್ಯ ಜ್ಞಾನದಂಥ ಪ್ರಶ್ನೆಗಳು ಮಾತಿನ ಭಾಗ. ತುಂಡುಗಳನ್ನು ಜೋಡಿಸಿ ಆಕೃತಿ ಮಾಡುವಂಥವು ಮಾತಿಲ್ಲದ ಭಾಗ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಮಗುವಿಗೆ ಮಾತಿನ ಭಾಗವನ್ನು ಇಂಗ್ಲಿಷಿನಲ್ಲಿ ಮಾಡಿದ್ದರೆ ಒಟ್ಟು ಸೂಚ್ಯಂಕ ಇಳಿದಿರುವ ಸಾಧ್ಯತೆ ಇದೆ. ‘ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು’ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಲು ಸಂಕೋಚಪಡಬೇಡಿ.

ಹಂತ 4: ಯಾವ ಭಾಷೆಯ ಓದನ್ನು ಪರೀಕ್ಷಿಸಿದ್ದಾರೆ ಎಂದು ನೋಡಿ

ಡಿಸ್ಲೆಕ್ಸಿಯಾದ ಬಗ್ಗೆ ಸಿಗುವ ಹೆಚ್ಚಿನ ಮಾಹಿತಿ ಇಂಗ್ಲಿಷ್ ಓದುವ ಮಕ್ಕಳನ್ನು ಕುರಿತದ್ದು. ‘ಬಿ’ ಮತ್ತು ‘ಡಿ’ ಅಕ್ಷರಗಳನ್ನು ತಿರುವುಮುರುವಾಗಿ ಬರೆಯುವುದೇ ಡಿಸ್ಲೆಕ್ಸಿಯಾದ ಗುರುತು ಎಂಬ ನಂಬಿಕೆಯೂ ಅಲ್ಲಿಂದಲೇ ಬಂದಿದೆ. ಓದು ಕಲಿಯಲು ಆರಂಭಿಸಿದ ಬಹಳಷ್ಟು ಮಕ್ಕಳು ಏಳು ವರ್ಷದ ಆಸುಪಾಸಿನವರೆಗೆ ಹಾಗೆ ಬರೆಯುತ್ತಾರೆ. ಅದೊಂದನ್ನೇ ಹಿಡಿದು ಗಾಬರಿಯಾಗಬೇಕಿಲ್ಲ.

ಕನ್ನಡದಲ್ಲಿ ತೊಂದರೆ ಕಾಣಿಸಿಕೊಳ್ಳುವ ಬಗೆಯೇ ಬೇರೆ. ನಮ್ಮ ಲಿಪಿಯಲ್ಲಿ ಬರೆದಂತೆ ಓದುತ್ತೇವೆ, ಆದರೆ ಗುಣಿತಾಕ್ಷರಗಳನ್ನು ಸೇರಿಸಿದರೆ ಮಗು ಕಲಿಯಬೇಕಾದ ರೂಪಗಳು 400ಕ್ಕೂ ಹೆಚ್ಚು, ಒತ್ತಕ್ಷರಗಳು ಅದರ ಮೇಲೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡದ ಅಕ್ಷರಗಳ ಕಲಿಕೆ ಮೊದಲ ವರ್ಷದಲ್ಲೇ ಮುಗಿಯುವಂಥದ್ದಲ್ಲ, ಮುಂದಿನ ತರಗತಿಗಳಲ್ಲೂ ಅದು ಮುಂದುವರಿಯುತ್ತದೆ ಎಂದು ತೋರಿಸಿದೆ. ಹಾಗಾಗಿ ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದು ನ್ಯೂನತೆಯಲ್ಲ, ಇನ್ನೂ ಮುಗಿಯದ ಕಲಿಕೆ.

ನಾಲ್ಕನೆಯ ತರಗತಿ ದಾಟಿದ ಮೇಲೂ, ಅಕ್ಕರೆಯಿಂದ ಮತ್ತೆಮತ್ತೆ ಹೇಳಿಕೊಟ್ಟ ಮೇಲೂ, ಉಕ್ತಲೇಖನದಲ್ಲಿ ‘ಹಕ್ಕಿ’ ‘ಹಕಿ’ ಆಗುತ್ತಿದ್ದರೆ, ‘ಶಾಲೆ’ ‘ಶಲೆ’ ಆಗುತ್ತಿದ್ದರೆ, ‘ಪುಸ್ತಕ’ ಒಮ್ಮೆ ‘ಪುಸತಕ’ವೂ ಇನ್ನೊಮ್ಮೆ ‘ಪುತ್ಸಕ’ವೂ ಆಗುತ್ತಿದ್ದರೆ, ಅರ್ಕಾವೊತ್ತು ಪ್ರತಿ ಸಲವೂ ತಪ್ಪಾದ ಅಕ್ಷರಕ್ಕೆ ಹೋಗಿ ಕೂರುತ್ತಿದ್ದರೆ, ಆ ಪುಟಗಳನ್ನು ತಜ್ಞರಿಗೆ ತೋರಿಸಿ. ಇನ್ನೊಂದು ಲಕ್ಷಣ ವೇಗ. ಕನ್ನಡವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಸರಿಯಾಗಿಯೇ ಓದುವ, ಆದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಪದವನ್ನು ಮರೆತಿರುವ ಮಗುವನ್ನು ‘ಕನ್ನಡ ಓದುತ್ತಾನಲ್ಲ, ಇಂಗ್ಲಿಷ್ ಮಾತ್ರ ಬರುವುದಿಲ್ಲ’ ಎಂದು ಬಿಟ್ಟುಬಿಡುವುದು ಸಾಮಾನ್ಯ. ಇಂಗ್ಲಿಷಿನ ಕಾಗುಣಿತಕ್ಕೆ ನಿಯಮಗಳು ಕಡಿಮೆ, ಅಪವಾದಗಳು ಹೆಚ್ಚು. ಆದ್ದರಿಂದ ಅದೇ ತೊಂದರೆ ಅಲ್ಲಿ ದೊಡ್ಡದಾಗಿ ಕಾಣುತ್ತದೆ.

ಎರಡೂ ಭಾಷೆಗಳಲ್ಲಿ ಪರೀಕ್ಷೆ ಮಾಡಿಸಲು ಕೇಳಿ. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವು ರೂಪಿಸಿರುವ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿ ಕನ್ನಡದಲ್ಲಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸದಲ್ಲಿ ಅನುಭವವಿರುವ ಸಂಸ್ಥೆಗಳು. ವರದಿಗಳಲ್ಲಿ ‘ಫೊನಾಲಜಿಕಲ್ ಅವೇರ್‌ನೆಸ್’ ಎಂದಿದ್ದರೆ ಪದದೊಳಗಿನ ಧ್ವನಿಗಳನ್ನು ಬಿಡಿಸಿ ಗುರುತಿಸುವ ಶಕ್ತಿ ಎಂದೂ, ‘ರ‍್ಯಾಪಿಡ್ ನೇಮಿಂಗ್’ ಎಂದಿದ್ದರೆ ಚಿತ್ರ, ಬಣ್ಣ, ಅಂಕಿಗಳ ಹೆಸರನ್ನು ತಡೆಯಿಲ್ಲದೆ ಬೇಗ ಹೇಳುವ ಶಕ್ತಿ ಎಂದೂ ತಿಳಿಯಿರಿ.

ಹಂತ 5: ನೆರೆಯ ಪದಗಳನ್ನು ಪಕ್ಕಕ್ಕೆ ಬರೆದುಕೊಳ್ಳಿ

ಡಿಸ್ಲೆಕ್ಸಿಯಾದ ಜೊತೆಯಲ್ಲೇ ಕಾಣುವ, ಆದರೆ ಅದಲ್ಲದ ಹೆಸರುಗಳು ಹಲವು. ಎಡಿಎಚ್‌ಡಿ ಎಂಬುದು ಗಮನ ನಿಲ್ಲದಿರುವ, ಕೂತಲ್ಲಿ ಕೂರಲಾಗದ ಸ್ಥಿತಿ. ಇದು ಎಸ್‌ಎಲ್‌ಡಿಯ ಜೊತೆಗೆ ಇರಬಹುದು, ಆದರೆ ಎಸ್‌ಎಲ್‌ಡಿಯ ಒಂದು ಬಗೆಯಲ್ಲ. ಕಾಯ್ದೆಯ 21ರ ಪಟ್ಟಿಯಲ್ಲಿಯೂ ಪ್ರತ್ಯೇಕ ಹೆಸರಾಗಿ ಇಲ್ಲ. ಡಿಎಲ್‌ಡಿ ಎಂದರೆ ಮಾತನ್ನೇ ಕಲಿಯುವುದರಲ್ಲಿ, ಅರ್ಥಮಾಡಿಕೊಳ್ಳುವುದರಲ್ಲಿ ಇರುವ ತೊಂದರೆ. ಹಳೆಯ ವರದಿಗಳಲ್ಲಿ ಇದನ್ನು ಎಸ್‌ಎಲ್‌ಐ ಎಂದು ಬರೆಯುತ್ತಿದ್ದರು. ಎಸ್‌ಎಲ್‌ಐ ಮತ್ತು ಎಸ್‌ಎಲ್‌ಡಿ ಒಂದೇ ಎಂದು ಭಾವಿಸಿ ಎಡವಿದವರು ಬಹಳ. ‘ಅಲೆಕ್ಸಿಯಾ’ ಎಂದರೆ ಓದು ಬರುತ್ತಿದ್ದ ವ್ಯಕ್ತಿ ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟು ಬಿದ್ದ ಕಾರಣ ಓದನ್ನು ಕಳೆದುಕೊಳ್ಳುವುದು.

ಡಿಸ್‌ಪ್ರಾಕ್ಸಿಯಾದ ವಿಷಯ ಸ್ವಲ್ಪ ವಿಚಿತ್ರ. ಗುಂಡಿ ಹಾಕುವುದು, ಚೆಂಡು ಹಿಡಿಯುವುದು, ಪೆನ್ಸಿಲ್ ಹಿಡಿಯುವುದು ಮುಂತಾದ ಚಲನೆಗಳ ಹೊಂದಾಣಿಕೆಯ ಈ ತೊಂದರೆಯನ್ನು ವೈದ್ಯರ ಗ್ರಂಥಗಳು ‘ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್’ ಎಂದು ಎಸ್‌ಎಲ್‌ಡಿಯಿಂದ ಬೇರೆಯಾಗಿಯೇ ಇಡುತ್ತವೆ. ನಮ್ಮ ಕಾಯ್ದೆಯಾದರೋ ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕ್ಯುಲಿಯಾಗಳ ಜೊತೆ ಡಿಸ್‌ಪ್ರಾಕ್ಸಿಯಾವನ್ನೂ ಬೆಳವಣಿಗೆಯ ಅಫೇಸಿಯಾವನ್ನೂ, ಅಂದರೆ ಮಾತಿನ ಬೆಳವಣಿಗೆಯ ತೊಂದರೆಯನ್ನೂ, ಎಸ್‌ಎಲ್‌ಡಿಯ ವ್ಯಾಖ್ಯಾನದೊಳಗೇ ಸೇರಿಸಿದೆ. ಒಂದೇ ಪದಕ್ಕೆ ಆಸ್ಪತ್ರೆಯಲ್ಲಿ ಒಂದು ಜಾಗ, ಕಾನೂನಿನಲ್ಲಿ ಇನ್ನೊಂದು ಜಾಗ. ಇಂಥ ವರದಿ ನಿಮ್ಮ ಕೈಯಲ್ಲಿದ್ದರೆ ಕಾಯ್ದೆಯ ವ್ಯಾಖ್ಯಾನದ ಪ್ರತಿಯನ್ನೂ ಜೊತೆಗೆ ಒಯ್ಯಿರಿ.

ಹಂತ 6: ಹಳೆಯ ಹೆಸರುಗಳನ್ನೂ ಮಾರಾಟದ ಹೆಸರುಗಳನ್ನೂ ಗುರುತಿಸಿ

‘ಪದಕುರುಡು’ ಎಂಬ ಮಾತನ್ನು ಹಳೆಯ ಲೇಖನಗಳಲ್ಲಿ ಕಾಣಬಹುದು. 1877ರಲ್ಲಿ ಜರ್ಮನಿಯ ವೈದ್ಯ ಆಡಾಲ್ಫ್ ಕುಸ್‌ಮೌಲ್ ಬಳಕೆಗೆ ತಂದ ಹೆಸರಿನ ಅನುವಾದ ಅದು. ಡಿಸ್ಲೆಕ್ಸಿಯಾ ಎಂಬ ಪದವನ್ನು 1887ರಲ್ಲಿ ಕೊಟ್ಟವರು ಸ್ಟುಟ್‌ಗಾರ್ಟಿನ ನೇತ್ರವೈದ್ಯ ರುಡಾಲ್ಫ್ ಬರ್ಲಿನ್, ‘ಲರ್ನಿಂಗ್ ಡಿಸೆಬಿಲಿಟಿ’ಯನ್ನು 1963ರಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ಸ್ಯಾಮ್ಯುಯೆಲ್ ಕರ್ಕ್. ‘ಮಿನಿಮಲ್ ಬ್ರೈನ್ ಡಿಸ್‌ಫಂಕ್ಷನ್’ ಅಂದರೆ ‘ಮೆದುಳಿನ ಅಲ್ಪ ದೋಷ’ ಎಂಬ ಹೆಸರು ಈಗ ಬಳಕೆಯಲ್ಲಿಲ್ಲ. ಇಂದಿನ ವರದಿಯೊಂದು ಅದನ್ನು ಬಳಸಿದ್ದರೆ ವರದಿಯ ಮೇಲೆಯೇ ಅನುಮಾನಪಡಬಹುದು.

ಡಿಸ್ಲೆಕ್ಸಿಯಾ ಎಂಬ ಹೆಸರು ಕಣ್ಣಿನ ವೈದ್ಯರಿಂದ ಬಂದದ್ದರಿಂದಲೋ ಏನೋ, ಡಿಸ್ಲೆಕ್ಸಿಯಾ ಕಣ್ಣಿನ ದೋಷ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ದೃಷ್ಟಿ ತಪಾಸಣೆ ಅಗತ್ಯವೇ, ಆದರೆ ಬಣ್ಣದ ಕನ್ನಡಕ ಮತ್ತು ಕಣ್ಣಿನ ವ್ಯಾಯಾಮಗಳಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಟನೆಗಳು 2009ರಲ್ಲಿ ಜಂಟಿಯಾಗಿ ಹೇಳಿವೆ. ‘ಬಲಮೆದುಳಿನ ಮಗು’ ಎಂಬಂಥ ಹೆಸರು ಕೊಟ್ಟು ದುಬಾರಿ ಕೋರ್ಸ್ ಮಾರುವವರಿಂದಲೂ ದೂರವಿರಿ.

ಹಂತ 7: ಪ್ರಮಾಣಪತ್ರಕ್ಕೆ ಬೇಕಾದ ಪದ ವರದಿಯಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ

ಖಾಸಗಿ ಕೇಂದ್ರದ ವರದಿ ಎಷ್ಟೇ ವಿವರವಾಗಿದ್ದರೂ ಅದು ಪ್ರಮಾಣಪತ್ರವಲ್ಲ. ಅರ್ಜಿಯನ್ನು ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯ ಜಾಲತಾಣದ ಮೂಲಕ ಸಲ್ಲಿಸಿ, ಸರ್ಕಾರ ಗೊತ್ತುಪಡಿಸಿದ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಮಗುವನ್ನು ಹಾಜರುಪಡಿಸಬೇಕು. 2018ರ ಮಾರ್ಗಸೂಚಿಯಲ್ಲಿ ಎಂಟು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಪ್ರಮಾಣಪತ್ರ, ರೋಗನಿರ್ಣಯಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳು, 14 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆ ಎಂದಿತ್ತು. 2024ರಲ್ಲಿ ಅದು ಪರಿಷ್ಕರಣೆಯಾಗಿರುವುದರಿಂದ ಹೊರಡುವ ಮುನ್ನ ಆ ಆಸ್ಪತ್ರೆಯಲ್ಲಿಯೇ ವಿಚಾರಿಸಿ. ಮೌಲ್ಯಮಾಪನ ಮಾಡಿದ ಮನಃಶಾಸ್ತ್ರಜ್ಞರ ವರದಿಯ ಕೆಳಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂದೂ ನೋಡಿಕೊಳ್ಳಿ.

ಅರ್ಜಿಯ ಎಲ್ಲ ಕಡೆಯೂ ‘ಸ್ಪೆಸಿಫಿಕ್ ಲರ್ನಿಂಗ್ ಡಿಸೆಬಿಲಿಟಿ’ ಎಂಬ ಕಾಯ್ದೆಯ ಪದವೇ ಇರಲಿ. ಗುಮಾಸ್ತರು ‘ಇಂಟೆಲೆಕ್ಚುಯಲ್’ ಎಂಬುದನ್ನು ಆರಿಸಿಬಿಟ್ಟರೆ ತಿದ್ದಿಸಲು ತಿಂಗಳುಗಟ್ಟಲೆ ಅಲೆಯಬೇಕಾದೀತು, ಆದ್ದರಿಂದ ಸಲ್ಲಿಸುವ ಮೊದಲು ಒಂದು ಸಲ ಓದಿ ನೋಡಿ.

ಪ್ರಮಾಣಪತ್ರದ ಹಣೆಪಟ್ಟಿಗೆ ಹೆದರಿ ಕೆಲವು ಕುಟುಂಬಗಳು ಅರ್ಜಿಯನ್ನೇ ಹಾಕುವುದಿಲ್ಲ. ನಿರ್ಧಾರ ನಿಮ್ಮದು, ಆದರೆ ಬಿಟ್ಟುಕೊಡುತ್ತಿರುವುದು ಏನೆಂದು ತಿಳಿದಿರಲಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವುಗಳನ್ನು ಕಾಯ್ದೆಯ 17ನೆಯ ಸೆಕ್ಷನ್ ಹೆಸರಿಸಿಯೇ ಹೇಳಿದೆ. ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಹೇಳಿದರೆ ಅದು ‘ಬೆಂಚ್‌ಮಾರ್ಕ್’ ನ್ಯೂನತೆ, ಉನ್ನತ ಶಿಕ್ಷಣ ಮತ್ತು ಸರ್ಕಾರಿ ನೌಕರಿಯ ಮೀಸಲಾತಿಗೆ ಅದು ಬೇಕು. ಬರವಣಿಗೆಯ ಸಹಾಯಕರಿಗೆ ಮಾತ್ರ ಈ ಶೇ. 40ರ ಗೆರೆ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2021ರ ವಿಕಾಶ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿದೆ, ಅರ್ಜಿದಾರರಿಗಿದ್ದದ್ದು ಡಿಸ್‌ಗ್ರಾಫಿಯಾ. ಎಸ್‌ಎಸ್‌ಎಲ್‌ಸಿಯ ರಿಯಾಯಿತಿಗಾಗಿ ಪರೀಕ್ಷೆಯ ತಿಂಗಳಲ್ಲಿ ಓಡಾಡಬೇಡಿ. ಒಂಬತ್ತನೆಯ ತರಗತಿಯಲ್ಲಿಯೇ ಮುಖ್ಯಶಿಕ್ಷಕರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿಯ ಸಹಿ ಪಡೆದಿಟ್ಟುಕೊಳ್ಳಿ.

ಹಂತ 8: ವಿದೇಶಕ್ಕೆ ಹೋಗುವುದಿದ್ದರೆ ಹೆಸರನ್ನು ಬದಲಿಸಿ ಹೇಳಿ

ಬ್ರಿಟನ್‌ಗೆ ಹೋಗುವ ಕನ್ನಡಿಗ ಕುಟುಂಬಗಳು ಇದನ್ನು ತಪ್ಪದೆ ಗಮನಿಸಬೇಕು. ಅಲ್ಲಿ ‘ಲರ್ನಿಂಗ್ ಡಿಸೆಬಿಲಿಟಿ’ ಎಂದರೆ ಬೌದ್ಧಿಕ ಅಸಾಮರ್ಥ್ಯ. ನಮ್ಮ ಎಸ್‌ಎಲ್‌ಡಿಗೆ ಅಲ್ಲಿಯ ಹೆಸರು ‘ಸ್ಪೆಸಿಫಿಕ್ ಲರ್ನಿಂಗ್ ಡಿಫಿಕಲ್ಟಿ’, ಅಥವಾ ನೇರವಾಗಿ ಡಿಸ್ಲೆಕ್ಸಿಯಾ. ಭಾರತದ ಪ್ರಮಾಣಪತ್ರವನ್ನು ವಿವರಣೆಯಿಲ್ಲದೆ ಕೊಟ್ಟರೆ ಮಗುವನ್ನು ಬೇರೆಯೇ ಗುಂಪಿಗೆ ಸೇರಿಸುವ ಅಪಾಯ ಇದೆ. ಅಮೆರಿಕದಲ್ಲಿ ಶಾಲಾ ಕಾನೂನಿನ ಹೆಸರು ನಮ್ಮಂತೆಯೇ ‘ಸ್ಪೆಸಿಫಿಕ್ ಲರ್ನಿಂಗ್ ಡಿಸೆಬಿಲಿಟಿ’. ಅಲ್ಲಿನ ಶಾಲೆಯವರು ‘ನಾವು ಡಿಸ್ಲೆಕ್ಸಿಯಾ ಎಂಬ ಪದ ಬಳಸುವುದಿಲ್ಲ’ ಎಂದರೆ, ಆ ಪದವನ್ನು ಬಳಸಲು ಯಾವ ಅಡ್ಡಿಯೂ ಇಲ್ಲವೆಂದು ಅಲ್ಲಿನ ಶಿಕ್ಷಣ ಇಲಾಖೆ 2015ರ ಅಕ್ಟೋಬರ್‌ನಲ್ಲಿ ಪತ್ರ ಬರೆದು ತಿಳಿಸಿದೆ ಎಂಬುದನ್ನು ನೆನಪಿಸಿ.

ಎರಡೂ ದೇಶಗಳಲ್ಲಿ ಹೊಸದಾಗಿ ಮೌಲ್ಯಮಾಪನ ಕೇಳುವ ಸಾಧ್ಯತೆಯೇ ಹೆಚ್ಚು. ಇಲ್ಲಿಂದ ಒಯ್ಯುವ ವರದಿಯಲ್ಲಿ ಐಸಿಡಿ ಸಂಕೇತವನ್ನು ಬರೆಸಿಕೊಂಡು ಹೋದರೆ ಹೆಸರಿನ ಚರ್ಚೆ ಬೇಗ ಮುಗಿಯುತ್ತದೆ. ಮಗು ಕನ್ನಡದಲ್ಲಿ ಓದು ಕಲಿತಿದ್ದರೆ, ಕನ್ನಡ ಓದಿನ ಪರೀಕ್ಷೆಯ ಫಲಿತಾಂಶವನ್ನೂ ಇಂಗ್ಲಿಷಿಗೆ ಅನುವಾದಿಸಿ ಜೊತೆಗಿಡಿ. ಇಲ್ಲದಿದ್ದರೆ ಅಲ್ಲಿನ ಶಿಕ್ಷಕರು ಎಲ್ಲವನ್ನೂ ಇಂಗ್ಲಿಷ್ ಹೊಸದು ಎಂಬ ಕಾರಣಕ್ಕೆ ಕಟ್ಟಿ, ಒಂದೆರಡು ವರ್ಷ ಕಾದು ನೋಡೋಣ ಎಂದುಬಿಡುತ್ತಾರೆ.